ತುದಿಯ ಹೆಡ್‌ಗೆ ನೀರು ಎಷ್ಟು ಬರುತ್ತದೆ?

ಬೆಂಗಳೂರಿನ ಒಂದು ಆಫೀಸ್ ಕಟ್ಟಡದ ಎರಡನೇ ಬೇಸ್‌ಮೆಂಟ್. ಬೆಂಕಿ ಬಿದ್ದಾಗ ಸೀಲಿಂಗಿನಿಂದ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಲೈನಿನ ಪ್ರೆಶರ್ ಟೆಸ್ಟ್ ಹಿಂದಿನ ದಿನ ಮುಗಿದಿತ್ತು. 14 ಬಾರ್, ಎರಡು ಗಂಟೆ, ಗೇಜ್ ಮುಳ್ಳು ಅಲುಗಿರಲಿಲ್ಲ. ಎಷ್ಟೋ ಸೈಟ್‌ಗಳಲ್ಲಿ ಇಷ್ಟಕ್ಕೇ ಸಹಿ ಬಿದ್ದು ಬಿಲ್ ಪಾಸಾಗುತ್ತದೆ. ಇಲ್ಲಿ ಒಂದು ಕೆಲಸ ಉಳಿದಿತ್ತು: ತುದಿಯ ಟೆಸ್ಟ್ ವಾಲ್ವ್ ತೆರೆದು ಹರಿವು ನೋಡುವುದು. ಆ ದಿನ ಅಲ್ಲಿ ಕಂಡದ್ದನ್ನು ಈ ಕೆಲಸ ಮಾಡುವ, ಮಾಡಿಸುವ ಎಲ್ಲರೂ ತಿಳಿದಿರಬೇಕು.

ಮೊದಲು ಡಿಸೈನ್ ಲೆಕ್ಕ. ಸ್ಪ್ರಿಂಕ್ಲರ್‌ಗಳ ಭಾರತೀಯ ಮಾನದಂಡವಾದ ಐಎಸ್ 15105ರ ಪ್ರಕಾರ ಕಾರ್ ಪಾರ್ಕಿಂಗ್ ಮಧ್ಯಮ ಅಪಾಯದ ವರ್ಗ. ಚದರ ಮೀಟರಿಗೆ ನಿಮಿಷಕ್ಕೆ 5 ಲೀಟರ್ ನೀರು, ನೀರು ಚಿಮ್ಮಿಸುವ ಒಂದು ಬಾಯಿಗೆ, ಅಂದರೆ ಹೆಡ್‌ಗೆ, ಹೆಚ್ಚೆಂದರೆ 12 ಚದರ ಮೀಟರ್. ಅಂದರೆ ಒಂದು ಹೆಡ್ ನಿಮಿಷಕ್ಕೆ 60 ಲೀಟರ್ ಕೊಡಬೇಕು. ಕೆ80 ಹೆಡ್‌ನಲ್ಲಿ ಹರಿವು ಎಂದರೆ 80 ಗುಣಿಸು ಪ್ರೆಶರಿನ ವರ್ಗಮೂಲ. 60 ಲೀಟರ್ ಬರಬೇಕಾದರೆ ಹೆಡ್‌ನ ಬಾಯಲ್ಲಿ ಸುಮಾರು 0.56 ಬಾರ್ ಇರಬೇಕು. ಒಟ್ಟಿಗೆ ಕೆಲಸ ಮಾಡುವ ಜಾಗ 360 ಚದರ ಮೀಟರ್ ಎಂದು ಹಿಡಿದರೆ 30 ಹೆಡ್, ನಿಮಿಷಕ್ಕೆ 1,800 ಲೀಟರ್. ಪಂಪಿನಿಂದ ಅತಿ ದೂರದ ಮೂವತ್ತು ಹೆಡ್‌ಗಳಿಗೆ ಇಷ್ಟು ಸಿಕ್ಕರೆ ಹತ್ತಿರದವಕ್ಕೆ ಸಿಕ್ಕೇ ಸಿಗುತ್ತದೆ. ಇಡೀ ಲೆಕ್ಕ ನಿಂತಿರುವುದು ಆ ತುದಿಯ ಮೇಲೆ.

ಬೆಂಕಿ ಬಿದ್ದರೆ ಎಲ್ಲ ಹೆಡ್‌ಗಳೂ ಒಟ್ಟಿಗೆ ಸುರಿಯುತ್ತವೆ ಎಂದು ಜನ ನಂಬಿದ್ದಾರೆ. ಹಾಗಿಲ್ಲ. ಪ್ರತಿ ಹೆಡ್‌ನಲ್ಲೂ ಗಾಜಿನ ಬಲ್ಬ್ ಇರುತ್ತದೆ, ತನ್ನ ಸುತ್ತಲಿನ ಬಿಸಿಗೆ ಅದು ಮಾತ್ರ ಒಡೆಯುತ್ತದೆ. ಕೆಂಪು ಬಲ್ಬ್ 68 ಡಿಗ್ರಿಗೆ, ಹಳದಿ 79ಕ್ಕೆ, ಹಸಿರು 93ಕ್ಕೆ. ಪಾರ್ಕಿಂಗ್‌ಗೆ ಕೆಂಪು, ದೊಡ್ಡ ಅಡುಗೆಮನೆಗೆ ಹಸಿರು. ಸಾಮಾನ್ಯವಾಗಿ ಬೆಂಕಿಯ ನೇರ ಮೇಲಿನ ಕೆಲವೇ ಹೆಡ್‌ಗಳು ತೆರೆಯುತ್ತವೆ. ಆ ಕೆಲವು ಹೆಡ್ ಸರಿಯಾಗಿ ಕೊಡದಿದ್ದರೆ ಬೆಂಕಿ ಹರಡಿ ಇನ್ನಷ್ಟು ಬಲ್ಬ್ ಒಡೆಯುತ್ತವೆ, ಇದ್ದ ನೀರೂ ಹಂಚಿಹೋಗುತ್ತದೆ.

ಬೇಸ್‌ಮೆಂಟಿನಲ್ಲಿ ಕಷ್ಟವಿರುವುದು ಲೆಕ್ಕಕ್ಕಿಂತ ಹೆಚ್ಚಾಗಿ ಸೀಲಿಂಗ್ ಕೆಳಗಿನ ಜಾಗದಲ್ಲಿ. ಡ್ರಾಯಿಂಗ್‌ನಲ್ಲಿ 3 ಗುಣಿಸು 4 ಮೀಟರಿನ ಅಚ್ಚುಕಟ್ಟಾದ ಆಯತಗಳು. ಸ್ಲ್ಯಾಬ್ ಕೆಳಗೆ ಬೀಮ್, ವೆಂಟಿಲೇಷನ್ ಡಕ್ಟ್, ಕೇಬಲ್ ಟ್ರೇ, ಡ್ರೈನೇಜ್ ಪೈಪ್. ಹೆಡ್‌ನ ಡಿಫ್ಲೆಕ್ಟರ್ (ನೀರನ್ನು ಹರಡುವ ತಟ್ಟೆ) ಸ್ಲ್ಯಾಬಿನಿಂದ 25ರಿಂದ 300 ಮಿಲಿಮೀಟರ್ ಒಳಗಿರಬೇಕು, ಕೆಳಗಿಳಿದರೆ ಬಿಸಿಗಾಳಿ ಅದನ್ನು ಮುಟ್ಟುವುದು ತಡವಾಗುತ್ತದೆ. ಎರಡು ಹೆಡ್‌ಗಳ ನಡುವೆ 1.8 ಮೀಟರಿಗಿಂತ ಕಡಿಮೆ ಇದ್ದರೆ ಮೊದಲು ತೆರೆದ ಹೆಡ್‌ನ ನೀರು ಪಕ್ಕದ ಬಲ್ಬನ್ನು ತಣ್ಣಗಾಗಿಸಿ ಅದು ಒಡೆಯದಂತೆ ಮಾಡುತ್ತದೆ. ಅಮೆರಿಕದ ಸ್ಪ್ರಿಂಕ್ಲರ್ ಮಾನದಂಡ ಎನ್‌ಎಫ್‌ಪಿಎ 13ರ ಪ್ರಕಾರ 1.2 ಮೀಟರಿಗಿಂತ ಅಗಲದ ಡಕ್ಟ್ ಇದ್ದರೆ ಅದರ ಕೆಳಗೂ ಹೆಡ್ ಹಾಕಬೇಕು. ಡಕ್ಟ್ ಆಮೇಲೆ ಬಂದರೆ ಯಾರೂ ಇದನ್ನು ನೆನಪಿಸಿಕೊಳ್ಳುವುದಿಲ್ಲ. ಇಲ್ಲೂ ಡಕ್ಟ್ ಆಮೇಲೆ ಬಂದಿತ್ತು. ಅದಕ್ಕೆ ಜಾಗ ಬಿಡಲು 100 ಮಿಲಿಮೀಟರ್ ಮೇನ್‌ಗೆ ಹೊಸದಾಗಿ ತೂತು ಕೊರೆದು, ಆ ತೂತಿನ ಮೇಲೆ ಬಿಗಿಯುವ ಕವಲು ಜೋಡಣೆಯಾದ ಮೆಕ್ಯಾನಿಕಲ್ ಟೀ ಹಾಕಿ 50 ಮಿಲಿಮೀಟರ್ ಬ್ರಾಂಚ್ ತೆಗೆದಿದ್ದರು. ಅದು ಮೊದಲು ಕೆಲಸ ಮಾಡಿ ಬಿಟ್ಟುಹೋದ ಗುತ್ತಿಗೆಯವರ ಕಾಲದ್ದು.

ಈಗ ಟೆಸ್ಟ್. ತುದಿಯ ಬ್ರಾಂಚಿನ ಕೊನೆಯಲ್ಲಿ 25 ಮಿಲಿಮೀಟರಿನ ಟೆಸ್ಟ್ ವಾಲ್ವ್, ಅದರ ಬಾಯಿಗೆ ಒಂದು ಕೆ80 ಹೆಡ್‌ನಷ್ಟೇ ಅಳತೆಯ ತೂತು, ಪಕ್ಕದಲ್ಲಿ ಗೇಜ್. ಇದನ್ನು ತೆರೆದರೆ ಒಂದು ಹೆಡ್ ಒಡೆದಂತೆಯೇ. ಮೇನ್ ಪಂಪ್ ಓಡಿಸಿ, ಲೈನಿಗೆ ನೀರು ಬಿಡುವ ಕಂಟ್ರೋಲ್ ವಾಲ್ವ್ ಹತ್ತಿರ 7 ಬಾರ್ ನಿಲ್ಲಿಸಿದೆವು. ತುದಿಯ ಗೇಜ್ ಕೂಡ 7 ತೋರಿಸಿತು. ವಾಲ್ವ್ ತೆರೆದ ಕೂಡಲೇ ತುದಿಯ ಮುಳ್ಳು 1.5ಕ್ಕೆ ಕುಸಿಯಿತು.

"ಸರ್, ಇಲ್ಲಿ ಪೂರ್ತಿ ಬಿದ್ದುಹೋಯ್ತು. ಅಲ್ಲೇನಾದ್ರೂ ವಾಲ್ವ್ ಅರ್ಧ ಮುಚ್ಚಿದ್ಯಾ ನೋಡ್ತೀರಾ?" ಎಂದು ಫಿಟ್ಟರ್ ಫೋನಿನಲ್ಲಿ ಕೇಳಿದ. ಬಟರ್‌ಫ್ಲೈ ವಾಲ್ವ್ ಪೂರ್ತಿ ತೆರೆದಿತ್ತು. ಕಂಟ್ರೋಲ್ ವಾಲ್ವಿನ ಗೇಜ್ 7ರಲ್ಲೇ ನಿಂತಿತ್ತು, ಅಂದರೆ ಪಂಪಿನ ತೊಂದರೆಯೂ ಅಲ್ಲ. ನೀರು ಹರಿದರೆ ಸೂಚನೆ ಕೊಡುವ ಫ್ಲೋ ಸ್ವಿಚ್ ತನ್ನ ಕೆಲಸ ಮಾಡಿ ಪ್ಯಾನೆಲ್‌ನಲ್ಲಿ ಅಲಾರಂ ಕೂಗಿತ್ತು. ಕಾಗದದ ಮೇಲೆ ಟೆಸ್ಟ್ ಪಾಸ್. ಅಲಾರಂ ಬಂದರೆ ಸಾಕು ಎಂದು ಅಲ್ಲಿಗೇ ಬಿಡುವವರೂ ಇದ್ದಾರೆ.

1.5 ಬಾರ್ ಅಂದರೆ ನಿಮಿಷಕ್ಕೆ 98 ಲೀಟರ್. ಗೇಜನ್ನೇ ನಂಬದೆ 200 ಲೀಟರಿನ ಡ್ರಮ್ ಇಟ್ಟು ನೋಡಿದೆವು, ತುಂಬಲು ಎರಡು ನಿಮಿಷ ಹಿಡಿಯಿತು. ಗೇಜ್ ಸರಿಯಾಗಿಯೇ ಇತ್ತು. ಬೇಕಾದದ್ದು 60, ಬಂದದ್ದು 98, ಇನ್ನೇನು ಎಂಬ ಪ್ರಶ್ನೆ ಬಂತು. ಅಲ್ಲೇ ಜನ ಎಡವುವುದು. ತೆರೆದಿದ್ದು ಒಂದೇ ಬಾಯಿ. ತುದಿಯ ಕಡೆಗೆ ಹೋಗುವ 50 ಮಿಲಿಮೀಟರ್ ಪೈಪಿನಾಚೆ ಎಂಟು ಹೆಡ್‌ಗಳಿದ್ದವು, ಎಂಟೂ ತೆರೆದರೆ 480 ಲೀಟರ್ ಹೋಗಬೇಕು. ಅಡಚಣೆ ಇದ್ದಲ್ಲಿ ಹರಿವು ಐದು ಪಟ್ಟಾದರೆ ಪ್ರೆಶರ್ ನಷ್ಟ ಇಪ್ಪತ್ತೈದು ಪಟ್ಟಾಗುತ್ತದೆ. ಯಾವ ಪಂಪೂ ಅದನ್ನು ತುಂಬಿಕೊಡಲಾರದು.

ಲೈನ್ ಡ್ರೇನ್ ಮಾಡಿ, ದಾರಿಯುದ್ದಕ್ಕೂ ನಾಲ್ಕು ಕಡೆ ಹೆಡ್ ಬಿಚ್ಚಿ, ಅದೇ 15 ಮಿಲಿಮೀಟರ್ ಸಾಕೆಟ್‌ಗೆ ಗೇಜ್ ಹಾಕಿದೆವು. ಮತ್ತೆ ಚಾರ್ಜ್ ಮಾಡಿ, ಟೆಸ್ಟ್ ವಾಲ್ವ್ ತೆರೆದು, ನೀರು ಹರಿಯುತ್ತಿರುವಾಗಲೇ ಓದಿದೆವು. 100 ಮಿಲಿಮೀಟರಿನಲ್ಲಿ 6.9. 80ರಲ್ಲಿ 6.8. 65ರಲ್ಲಿ 6.7. 50ರಲ್ಲಿ 1.9. 65ರಿಂದ 50ಕ್ಕಿಳಿಯುವ ರೆಡ್ಯೂಸರ್ ಒಂದರಲ್ಲೇ 4.8 ಬಾರ್ ನುಂಗಿಹೋಗಿತ್ತು.

ಕಪ್ಲಿಂಗ್ ಬಿಚ್ಚಿದರೆ ರೆಡ್ಯೂಸರ್ ಬಾಯಿಗೆ ಅಡ್ಡಲಾಗಿ ಒಂದು ಕಬ್ಬಿಣದ ಬಿಲ್ಲೆ. ಅಗಲ ಸುಮಾರು 60 ಮಿಲಿಮೀಟರ್, ದಪ್ಪ 5.4, ಮಧ್ಯದಲ್ಲಿ ಹೋಲ್ ಸಾದ (ದುಂಡಗೆ ಬಿಲ್ಲೆ ಕತ್ತರಿಸುವ ಗರಗಸದ) ಪೈಲಟ್ ಡ್ರಿಲ್ಲಿನ ತೂತು, ಅಂಚಿನಲ್ಲಿ ಕೈಗೆ ಚುಚ್ಚುವ ಚೂಪು. ಮೇನ್ ಪೈಪಿನ ಬೆನ್ನಿನ ಬಾಗು ಅದರಲ್ಲಿ ಹಾಗೇ ಇತ್ತು. ಆ ಬಾಗಿನಿಂದ ಎರಡು ಬದಿಯಲ್ಲಿ ಸಂದಿ ಉಳಿದಿದ್ದರಿಂದ ಅಷ್ಟಾದರೂ ನೀರು ದಾಟುತ್ತಿತ್ತು. ಮೆಕ್ಯಾನಿಕಲ್ ಟೀಗೆ 64 ಮಿಲಿಮೀಟರಿನ ಹೋಲ್ ಸಾದಲ್ಲಿ ಕೊರೆದಾಗ ಒಳಗೆ ಬಿದ್ದದ್ದು, ಯಾರೂ ತೆಗೆದಿಲ್ಲ. ಪೈಪ್ ತೊಳೆಯಲು ನೀರು ಹರಿಸಿ ಫ್ಲಶ್ ಮಾಡಿದಾಗ ಅದರ ರಭಸಕ್ಕೆ ಜಾರಿ, 65ರ ಪೈಪಿನಲ್ಲಿ ತೂರಿ, ರೆಡ್ಯೂಸರಿನಲ್ಲಿ ಸಿಕ್ಕಿಕೊಂಡಿದೆ.

ಪ್ರೆಶರ್ ಟೆಸ್ಟ್ ಇದನ್ನು ಏಕೆ ಹಿಡಿಯಲಿಲ್ಲ ಎಂಬುದು ಮುಖ್ಯ. ನಿಂತ ನೀರಿನಲ್ಲಿ ಪ್ರೆಶರ್ ಎಲ್ಲ ಕಡೆಯೂ ಒಂದೇ, ಕೂದಲೆಳೆಯ ಸಂದಿಯಿದ್ದರೂ ಆಚೆಯ ಗೇಜ್ 14 ತೋರಿಸುತ್ತದೆ. ಆ ಟೆಸ್ಟ್ ಹೇಳುವುದು ಪೈಪ್ ಸೋರುತ್ತಿಲ್ಲ ಎಂದಷ್ಟೇ. ದಾರಿ ತೆರವಾಗಿದೆಯೇ ಎಂಬುದನ್ನು ಹರಿಯುವ ನೀರು ಮಾತ್ರ ಹೇಳಬಲ್ಲದು.

ಆದ್ದರಿಂದ ಪೈಪಿಗೆ ತೂತು ಕೊರೆದಾಗಲೆಲ್ಲ ಬಿಲ್ಲೆಯನ್ನು ಹೊರತೆಗೆದು ಬೈಂಡಿಂಗ್ ವೈರಿನಲ್ಲಿ ಅದೇ ಟೀಗೆ ಕಟ್ಟಿಬಿಡಬೇಕು. ಇನ್‌ಸ್ಪೆಕ್ಷನ್‌ಗೆ ಬಂದವರು ಟೀ ಎಣಿಸಿ, ಬಿಲ್ಲೆ ಎಣಿಸಬೇಕು. ಬಿಲ್ಲೆ ಇಲ್ಲದ ಟೀ ಕಂಡರೆ ಅಲ್ಲೇ ಬಿಚ್ಚಿಸಬೇಕು, ಹತ್ತು ನಿಮಿಷದ ಕೆಲಸ. ಗ್ಯಾಸ್ ಕಟ್ಟರಿನಲ್ಲಿ ಕೊರೆಯಲು ಬಿಡಲೇಬಾರದು, ಅಂಚು ಒರಟಾಗಿ ಕಿಟ್ಟ ಒಳಗೇ ಉಳಿಯುತ್ತದೆ. ಫ್ಲಶಿಂಗ್ ಮಾಡುವಾಗ ಹೆಡ್ ಹಾಕಿರಬಾರದು. ಲೈನಿನ ತುದಿ ಪೂರ್ತಿ ತೆರೆದು, ಬಾಯಿಗೆ ಗೋಣಿಚೀಲ ಕಟ್ಟಿ, ಚೀಲದಲ್ಲಿ ಏನು ಬಿತ್ತೆಂದು ನೋಡಬೇಕು. ಸೆಣಬಿನ ಎಳೆ, ವೆಲ್ಡಿಂಗ್ ಕಿಟ್ಟ, ಥ್ರೆಡ್ಡಿಂಗ್ ಮಾಡಿದ ಕಬ್ಬಿಣದ ಸುರುಳಿ ಬಂದೇ ಬರುತ್ತವೆ. ಹೆಡ್ ಬಿಗಿಯುವಾಗ ಅದರ ಸ್ಪ್ಯಾನರ್ ಮಾತ್ರ ಬಳಸಬೇಕು. ಪೈಪ್ ರೆಂಚ್ ಹಾಕಿದರೆ ಬಲ್ಬಿನಲ್ಲಿ ಕಣ್ಣಿಗೆ ಕಾಣದ ಬಿರುಕು ಬಿದ್ದು, ತಿಂಗಳುಗಳ ನಂತರ ಯಾರದೋ ಕಾರಿನ ಮೇಲೆ ಸುರಿಯುತ್ತದೆ. ಪೇಂಟರ್ ಕೆಲಸ ಮುಗಿಯುವವರೆಗೆ ಬಲ್ಬಿನ ಪ್ಲಾಸ್ಟಿಕ್ ಕವಚ ಇರಲಿ, ಆಮೇಲೆ ಪ್ರತಿಯೊಂದನ್ನೂ ತೆಗೆಯಲೇಬೇಕು. ಬಣ್ಣ ತಾಗಿದ ಹೆಡ್ ಒರೆಸಿ ಬಳಸುವಂಥದ್ದಲ್ಲ, ಬದಲಿಸಬೇಕು.

ಬಿಲ್ಲೆ ತೆಗೆದು, ಕಪ್ಲಿಂಗಿನ ರಬ್ಬರ್ ಗ್ಯಾಸ್ಕೆಟ್ ಹೊಸದು ಹಾಕಿ, ಬಿಚ್ಚಿದ ಹೆಡ್‌ಗಳ ಜಾಗಕ್ಕೆ ಹೊಸ ಹೆಡ್ ಕೂರಿಸಿದೆವು. ಕೈಯಿಟ್ಟ ಭಾಗಕ್ಕೆ ಮತ್ತೆ 14 ಬಾರ್ ಟೆಸ್ಟ್. ಗಾಳಿ ಉಳಿದರೆ ಗೇಜ್ ಸುಳ್ಳು ಹೇಳುವುದರಿಂದ ತುದಿಯ ವಾಲ್ವ್ ತೆರೆದಿಟ್ಟು ನಿಧಾನವಾಗಿ ತುಂಬಿಸಿದ್ದು. ಆಮೇಲೆ ಹರಿವಿನ ಟೆಸ್ಟ್: ಕಂಟ್ರೋಲ್ ವಾಲ್ವಿನಲ್ಲಿ 7 ಇರುವಾಗ ತುದಿಯಲ್ಲಿ 5.3 ಬಾರ್, ನಿಮಿಷಕ್ಕೆ 184 ಲೀಟರ್, ಡ್ರಮ್ ತುಂಬಲು 65 ಸೆಕೆಂಡ್. 25 ಮತ್ತು 32 ಮಿಲಿಮೀಟರ್ ಪೈಪಿನ ಘರ್ಷಣೆಗೆ ಅಷ್ಟು ಕಳೆಯುವುದು ಸಹಜ.

ಉಳಿದ ಟೀಗಳನ್ನೂ ಅದೇ ದಿನ ಒಂದೊಂದಾಗಿ ಬಿಚ್ಚಿ ನೋಡಿಸಿದೆವು, ಬೇರೆ ಬಿಲ್ಲೆ ಸಿಗಲಿಲ್ಲ. ಕೊನೆಗೆ ವಾಲ್ವ್‌ಗಳನ್ನು ತೆರೆದ ಸ್ಥಿತಿಯಲ್ಲಿ ಸರಪಳಿ ಹಾಕಿ ಬೀಗ ಹಾಕಿಸಿದೆವು. ರಿಪೇರಿಗೆಂದು ಮುಚ್ಚಿದ ವಾಲ್ವ್ ಹಾಗೇ ಮರೆತುಹೋಗಿ ಬೆಂಕಿಯ ಹೊತ್ತಿಗೆ ನೀರೇ ಬಾರದಿರುವುದು ಈ ವ್ಯವಸ್ಥೆ ಸೋಲುವ ಬಹುಮುಖ್ಯ ಕಾರಣ. ತುದಿಯ 5.3 ಬಾರ್, 65 ಸೆಕೆಂಡ್ ಎರಡನ್ನೂ ತಾರೀಖಿನೊಂದಿಗೆ ಒಂದು ತಗಡಿನ ಮೇಲೆ ಬರೆಸಿ ಕಂಟ್ರೋಲ್ ವಾಲ್ವಿಗೆ ತೂಗುಹಾಕಿಸಿದೆವು. ಮುಂದೆ ಕಟ್ಟಡ ನೋಡಿಕೊಳ್ಳುವವರು ಇದೇ ಟೆಸ್ಟ್ ಮಾಡಿದಾಗ ಅಂಕಿ ಅದಕ್ಕಿಂತ ಎದ್ದು ಕಾಣುವಷ್ಟು ಕೆಳಗಿದ್ದರೆ, ಪಂಪ್ ರೂಮಿಗೆ ಹೋಗುವ ಮೊದಲು ಪೈಪಿನೊಳಗೆ ಹುಡುಕಲಿ.