ಇಂಗ್ಲೆಂಡಲ್ಲಿ ಶರಿಯಾ ಬಂದ್ಬಿಟ್ಟಿದ್ಯಂತೆ, ಹೌದಾ?

ಇಂಗ್ಲೆಂಡಿಂದ ಊರಿಗೆ ಹೋದಾಗೆಲ್ಲ ಕಾಫಿ ಲೋಟ ಕೈಗೆ ಬರೋ ಮೊದ್ಲೇ ಈ ಪ್ರಶ್ನೆ ಬರತ್ತೆ. ಶಿವಮೊಗ್ಗದ ನಮ್ಮ ಮಾವ ಅಂತೂ ವಾಟ್ಸಾಪ್ ವಿಡಿಯೋ ತೋರಿಸ್ಕೊಂಡೇ ಕೇಳ್ತಾರೆ, "ಅಲ್ಲ ಕಣಮ್ಮ, ಆ ದೇಶ ಪೂರ್ತಿ ಅವ್ರ ಕೈಗೆ ಹೋಯ್ತಂತಲ್ಲ, ಶರಿಯಾ ಕೋರ್ಟು ಬೇರೆ ಇದ್ಯಂತೆ?"

ಕೋರ್ಟಲ್ಲ ಮಾವ. ಶರಿಯಾ ಕೌನ್ಸಿಲ್ ಅಂತ ಮುಸ್ಲಿಮರ ಧಾರ್ಮಿಕ ಮಂಡಳಿಗಳು ಇವೆ, ಆದ್ರೆ ಅವ್ರ ತೀರ್ಮಾನಕ್ಕೆ ಕಾನೂನಿನ ಬಲ ಇಲ್ಲ. ಅಲ್ಲಿಗೆ ಹೋಗೋರು ಹೆಚ್ಚಾಗಿ ಹೆಂಗಸರು, ತಲಾಖ್ ಕೊಡದೆ ಸತಾಯಿಸೋ ಗಂಡನಿಂದ ಬಿಡುಗಡೆ ಬೇಕು ಅಂತ. ಇಲ್ಲಿ ಬರೀ ನಿಕಾ ಆಗಿ ರಿಜಿಸ್ಟರ್ ಆಗಿಲ್ಲ ಅಂದ್ರೆ ಕಾನೂನಿನ ಲೆಕ್ಕದಲ್ಲಿ ಅದು ಮದುವೆನೇ ಅಲ್ಲ, ಹಾಗಾಗಿ ಸರ್ಕಾರದ ಕೋರ್ಟಲ್ಲಿ ಡೈವೋರ್ಸ್ ಕೇಳೋಕೂ ಆಗಲ್ಲ, ಆ ಹೆಂಗಸು ಇನ್ನೆಲ್ಲಿಗೆ ಹೋಗ್ಬೇಕು ಹೇಳಿ. 2018ರಲ್ಲಿ ಸರ್ಕಾರವೇ ಮಾಡಿಸಿದ ರಿವ್ಯೂನಲ್ಲಿ, ನಿಕಾ ಜೊತೆಗೆ ಸಿವಿಲ್ ಮದುವೆನೂ ಆಗ್ಲೇಬೇಕು ಅನ್ನೋ ಹಾಗೆ ಕಾನೂನು ತಿದ್ದಿ ಅಂದ್ರು.

ಉಗ್ರವಾದ ಇಲ್ವೇ ಇಲ್ಲ ಅಂತ ನಾನು ಹೇಳಲ್ಲ. 2005ರ ಜುಲೈ 7ಕ್ಕೆ ಲಂಡನ್ನಿನ ಟ್ಯೂಬಲ್ಲಿ (ನೆಲದಡಿಯ ರೈಲು), ಬಸ್ಸಲ್ಲಿ ಬಾಂಬ್ ಹಾಕಿ 52 ಜನರನ್ನ ಕೊಂದ ನಾಲ್ಕು ಜನರಲ್ಲಿ ಮೂರು ಜನ ಇಲ್ಲೇ ಹುಟ್ಟಿದೋರು. ಒಂದೊಂದು ಸಮುದಾಯನೂ ಅವ್ರವ್ರ ಪಾಡಿಗೆ ಬೇರೆ ಬೇರೆ ಬದುಕೋಕೆ ಬಿಟ್ಟಿದ್ದೇ ತಪ್ಪಾಯ್ತು ಅಂತ ಆಗಿನ ಪ್ರಧಾನಿ ಕ್ಯಾಮರೂನ್ 2011ರಲ್ಲಿ ಮ್ಯೂನಿಕ್‌ನಲ್ಲಿ ಭಾಷಣ ಮಾಡಿದ್ರು. ಅರ್ಧ ಸರಿ ಅನ್ಸತ್ತೆ ನಂಗೆ. ಸರ್ಕಾರ ಯಾವಾಗ್ಲೂ ಮಾತಾಡ್ಸಿದ್ದು "ಸಮುದಾಯದ ಮುಖಂಡರು" ಅನ್ನೋ ಹಿರಿ ಗಂಡಸರನ್ನೇ, ಆ ನಿಕಾ ಹೆಂಗಸನ್ನ ಕರೆದು ಕೇಳಿದ್ದು ಎಷ್ಟು ಸಲ?

ಆಮೇಲೆ, "ಅವ್ರು" ಅಂದ್ರೆ ಯಾರು ಅನ್ನೋದೂ ಇದೆ. ನಾನಿರೋದು ಲೆಸ್ಟರ್‌ನಲ್ಲಿ. 1972ರಲ್ಲಿ ಉಗಾಂಡಾದ ಸರ್ವಾಧಿಕಾರಿ ಇದಿ ಅಮೀನ್ ಏಷ್ಯಾದವರನ್ನೆಲ್ಲ ಓಡಿಸಿದಾಗ ಲೆಸ್ಟರ್ ನಗರಸಭೆ ಉಗಾಂಡಾದ ಪೇಪರಲ್ಲಿ "ದಯವಿಟ್ಟು ನಮ್ಮೂರಿಗೆ ಬರ್ಬೇಡಿ" ಅಂತ ಜಾಹೀರಾತು ಕೊಟ್ಟಿತ್ತು! ಅವತ್ತು "ಅವ್ರು" ಅಂದ್ರೆ ಗುಜರಾತಿಗಳು, ಹಿಂದೂಗಳೂ ಸೇರಿ. ಈಗ ಬೆಲ್‌ಗ್ರೇವ್ ರೋಡಿನ ದೀಪಾವಳಿ ಲೈಟು ನೋಡೋಕೆ ಊರೂರಿಂದ ಜನ ಬರ್ತಾರೆ.

ಅದೇ ಊರಲ್ಲೇ 2022ರಲ್ಲಿ, ಏಷ್ಯಾ ಕಪ್ ಇಂಡಿಯಾ-ಪಾಕಿಸ್ತಾನ ಮ್ಯಾಚ್ ಆದ್ಮೇಲೆ ವಾರಗಟ್ಲೆ ಗಲಾಟೆ. ಮುಖಕ್ಕೆ ಮಾಸ್ಕ್ ಹಾಕ್ಕೊಂಡ ನಮ್ಮ ಹುಡುಗರು ಜೈ ಶ್ರೀರಾಮ್ ಅಂತ ಮುಸ್ಲಿಮರ ಏರಿಯಾದಲ್ಲಿ ಮೆರವಣಿಗೆ ಹೋದ್ರು, ಆ ಕಡೆಯವನೊಬ್ಬ ದೇವಸ್ಥಾನದ ಬಾವುಟ ಕಿತ್ತ, ಮುಸ್ಲಿಂ ಹುಡುಗಿನ ಎತ್ತಾಕ್ಕೊಂಡು ಹೋಗೋಕೆ ನೋಡಿದ್ರು ಅನ್ನೋ ಸುದ್ದಿ ಎಲ್ಲಾ ಕಡೆ ಹಬ್ತು, ಪೊಲೀಸ್ರು ಅಂಥದ್ದೇನೂ ಆಗೇ ಇಲ್ಲ ಅಂದ್ರು.

ಆ ಗಲಾಟೆಯ ವಿಡಿಯೋ ನಂಗೆ ಮೊದಲು ಕಳಿಸಿದ್ದು ಮಾವನೇ, ಶಿವಮೊಗ್ಗದಿಂದ. ಅದ್ರಲ್ಲಿ ಕಾಣ್ತಿದ್ದಿದ್ದು ನಮ್ಮನೆಯಿಂದ ನಡ್ಕೊಂಡು ಹೋಗೋ ದೂರದ ರಸ್ತೆ.