ಓನ್‌ಗೆ ಮುಂಚಿನ ಅಕ್ಷರ

14 ನವೆಂಬರ್ 2023, ಅಥೆನ್ಸ್

ಇವತ್ತು ಬಲಿಪಾಡ್ಯಮಿ. ಶಾಸನ ಸಂಗ್ರಹಾಲಯದಿಂದ ಬಂದು ಷೂ ಕೂಡ ಬಿಚ್ಚಿರಲಿಲ್ಲ, ಅಮ್ಮನ ಫೋನ್ ಬಂತು.

ಬೆಳಗಿನಿಂದ ಸೆಗೆಸ್ಟಾ ಒಪ್ಪಂದದ, ಅಂದರೆ ಸಿಸಿಲಿಯ ಆ ಪಟ್ಟಣದೊಂದಿಗೆ ಪ್ರಾಚೀನ ಅಥೆನ್ಸ್ ಮಾಡಿಕೊಂಡ ಮೈತ್ರಿಯ ಕಲ್ಲಿನ ಮುಂದೆಯೇ ಇದ್ದೆ. ಬಾವಿಕಟ್ಟೆಯ ಹಾಗೆ ಸವೆದ ಅಮೃತಶಿಲೆ. ಅಥೆನ್ಸಿನವರು ವರ್ಷವನ್ನು ಹೇಳುತ್ತಿದ್ದದ್ದು ಆರ್ಕನ್ ಎಂಬ ಅಧಿಕಾರಿಯ ಹೆಸರಿನಿಂದ. ಇಲ್ಲಿ ಆ ಹೆಸರಿನ ಕೊನೆಯ 'ಓನ್' ಮಾತ್ರ ಸ್ಪಷ್ಟ. ಹಾಬ್ರೋನ್ ಆದರೆ ಕ್ರಿ.ಪೂ. 458-57, ಆಂಟಿಫೋನ್ ಆದರೆ 418-17. ನಡುವೆ ನಲವತ್ತು ವರ್ಷ! ಈ ಕಲ್ಲಿನಲ್ಲಿರುವ ಮೂರು ಗೆರೆಯ ಸಿಗ್ಮಾ (ಗ್ರೀಕರ 'ಸ') 446ರ ಸುಮಾರಿಗೆ ಬಳಕೆ ತಪ್ಪಿತು, ಆದ್ದರಿಂದ ಇದು ಹಳೆಯದೇ ಎಂದು ಬಹುಕಾಲ ವಾದಿಸಿದರು. 1990ರಲ್ಲಿ ಲೇಸರ್ ಬೆಳಕಿನ ಚಿತ್ರಗಳನ್ನು ಮುಂದಿಟ್ಟವರು 'ಓನ್'ಗೆ ಮುಂಚೆ 'ಫಿ' (ಗ್ರೀಕರ 'ಫ') ಇದೆ ಎಂದರು. ಆಂಟಿಫೋನ್. ಸಿಗ್ಮಾವೊಂದನ್ನೇ ನಂಬಿ ಕಾಲ ನಿರ್ಣಯಿಸಿದ್ದ ಬೇರೆ ಶಾಸನಗಳೂ ಅಲುಗಾಡಿದವು.

ನಾನೂ ಓರೆಯಾಗಿ ಟಾರ್ಚ್ ಹಿಡಿದೆ. ಎಡದಿಂದ ಬೆಳಕು ಬಿದ್ದಾಗ ಫಿಯ ದುಂಡು ಕಂಡಿತು. ಬಲದಿಂದ ಹಿಡಿದಾಗ ಬರೀ ಕಲ್ಲು.

ಹಬ್ಬಕ್ಕೆಂದು ಅಟ್ಟ ಗುಡಿಸುವಾಗ ಅಮ್ಮನಿಗೆ ಅಜ್ಜನ ಕಾಗದ ಸಿಕ್ಕಿದೆಯಂತೆ. ಎಡದ ಅಂಚನ್ನು ಗೆದ್ದಲು ತಿಂದಿದೆ. "ಕೇಳು ಪುಟ್ಟಿ" ಎಂದು ತಡವರಿಸದೆ ಓದಿದಳು: "ಉಭಯ ಕುಶಲೋಪರಿ ಸಾಂಪ್ರತ..."

"ತಿಂದು ಹೋದದ್ದನ್ನು ಹೇಗಮ್ಮಾ ಓದುತ್ತೀಯ?"

"ಅಪ್ಪ ಯಾವಾಗಲೂ ಹಾಗೆಯೇ ಶುರು ಮಾಡುತ್ತಿದ್ದರಲ್ಲ!"

ಸರಿ. 'ಮಂಡಳಿಗೂ ಜನಕ್ಕೂ ಸರಿತೋರಿತು' ಎಂಬ ಅಥೆನ್ಸಿನ ನಿರ್ಣಯಗಳ ಪಲ್ಲವಿಯನ್ನು ನಾನೂ ಹೀಗೆಯೇ ಚೌಕ ಕಂಸದೊಳಗೆ ತುಂಬುತ್ತೇನೆ. ಅಮ್ಮ ಮುಂದೆ ಓದಿ ಥಟ್ಟನೆ ನಿಂತಳು.

"'...ಮ್ಮನನ್ನು ನಾಳೆ ಕಳುಹಿಸುತ್ತೇನೆ' ಎಂದಿದೆ. ಗೌರಮ್ಮತ್ತೆಯೋ, ಲಕ್ಷ್ಮಮ್ಮತ್ತೆಯೋ?"

"ಎಷ್ಟು ಅಕ್ಷರ ಹೋಗಿದೆ?"

"ಅದನ್ನು ಹೇಗೆ ಹೇಳಲಿ? ಗೌರಮ್ಮತ್ತೆ ಎಂದೇ ಇಟ್ಟುಕೊಳ್ಳೋಣ. ನನ್ನ ಬಾಣಂತನಕ್ಕೆ ಬಂದವಳು ಅವಳೇ." ಅಷ್ಟರಲ್ಲಿ ಹೊಸ್ತಿಲಿಗೆ ದೀಪ ಇಡಬೇಕೆಂದು ಫೋನ್ ಇಟ್ಟುಬಿಟ್ಟಳು.

ಗ್ರೀಕ್ ಕಲ್ಲುಕುಟಿಗರು ಎಷ್ಟೋ ಕಲ್ಲುಗಳಲ್ಲಿ ಅಕ್ಷರದ ಕೆಳಗೆ ಅಕ್ಷರ ಬರುವಂತೆ ಚೌಕುಳಿಯಲ್ಲಿ ಕೆತ್ತಿದ್ದಾರೆ. ಒಡೆದು ಹೋದ ಕಡೆಯೂ ಮನೆಗಳನ್ನು ಎಣಿಸಬಹುದು. ಅಜ್ಜನ ಸಾಲುಗಳೋ, ಬೆಟ್ಟ ಹತ್ತುತ್ತಿದ್ದವು.

ಈಗ ಟಿಪ್ಪಣಿ ಪುಸ್ತಕ ತೆರೆದೆ. ಫಿಯನ್ನು ಬರೆದಿದ್ದೇನೆ, ಅದರ ಕೆಳಗೆ ಅನುಮಾನದ ಚುಕ್ಕೆ ಇಟ್ಟಿಲ್ಲ. ಕಂಡದ್ದು ಕಣ್ಣಿಗೋ, ಮೊದಲೇ ಓದಿಕೊಂಡಿದ್ದ ಮನಸ್ಸಿಗೋ? ಚುಕ್ಕೆ ಇಟ್ಟೆ. ನಾಳೆ ಮತ್ತೆ ಹೋಗಬೇಕು, ಮೊದಲು ಬಲದಿಂದ ಬೆಳಕು ಹಿಡಿದು...

ಅಯ್ಯೋ, ಆ ಕಾಗದದ ಅಂಚಿನ ಗೆದ್ದಲುಮಣ್ಣನ್ನು ಒರೆಸಬೇಡ ಎಂದು ಅಮ್ಮನಿಗೆ ಹೇಳಲೇ ಇಲ್ಲ.