ಬ್ಯಾಂಕಾಕ್‌ಗೆ ನಾಲ್ಕು ದಿನ: ದಾವಣಗೆರೆಯಿಂದ ಹೊರಡುವವರಿಗೆ

ದಾವಣಗೆರೆಯಿಂದ ಬೆಂಗಳೂರಿನ ವಿಮಾನ ನಿಲ್ದಾಣ ಮುಟ್ಟಲಿಕ್ಕೇ ಐದಾರು ತಾಸು ಬೇಕು. ರಾತ್ರಿ ವಿಮಾನ ಹತ್ತಿದರೆ ಬೆಳಗ್ಗೆ ಇಳಿಯುತ್ತೀರಿ, ಆದರೆ ಹೋಟೆಲ್ ರೂಮು ಸಿಗುವುದು ಸಾಮಾನ್ಯವಾಗಿ ಮಧ್ಯಾಹ್ನ ಎರಡರ ಮೇಲೆ. ಹಾಗಾಗಿ ರಾಜರ ಅರಮನೆ ಗ್ರ್ಯಾಂಡ್ ಪ್ಯಾಲೇಸ್ ಅನ್ನು ಎರಡನೇ ದಿನಕ್ಕೆ ಇಟ್ಟುಕೊಳ್ಳಿ.

ಗ್ರ್ಯಾಂಡ್ ಪ್ಯಾಲೇಸ್ 8.30ಕ್ಕೆ ತೆರೆಯುತ್ತದೆ, ಟಿಕೆಟ್ 500 ಬಾತ್ (ಥಾಯ್ ಹಣ). ಚಡ್ಡಿ, ತೋಳಿಲ್ಲದ ಅಂಗಿ ನಡೆಯದು. 'ಇವತ್ತು ಬಂದ್' ಅಂತ ಹೊರಗೆ ಯಾರಾದರೂ ಹೇಳಿದರೆ ನಂಬಬೇಡಿ. ಟುಕ್‌ಟುಕ್ ಆಟೋ ಹತ್ತಿಸಿ ಹರಳಿನ ಅಂಗಡಿಗೆ ಒಯ್ಯುವ ಹಳೇ ಆಟ ಅದು. ಅರಮನೆಯಿಂದ ವಾಟ್ ಫೋ ದೇವಾಲಯಕ್ಕೆ ನಡೆದೇ ಹೋಗಬಹುದು, ಮಲಗಿದ ಬುದ್ಧ 46 ಮೀಟರ್ ಉದ್ದ. ಪಕ್ಕದ ಥಾ ತಿಯೆನ್ ಕಟ್ಟೆಯಲ್ಲಿ ದೋಣಿ ಹತ್ತಿ ಹೊಳೆ ದಾಟಿದರೆ ವಾಟ್ ಅರುಣ್ ದೇವಾಲಯ.

ಚತುಚಕ್ ಸಂತೆಗೆ ಶನಿವಾರ, ಭಾನುವಾರವೇ ಸರಿ. ಬಿಟಿಎಸ್, ಎಂಆರ್‌ಟಿ ಎಂಬ ನಗರದ ಮೆಟ್ರೋ ರೈಲುಗಳು ಬೇರೆ ಬೇರೆ ಸಂಸ್ಥೆಯವು, ಟಿಕೆಟ್ಟೂ ಬೇರೆ.

ನಮ್ಮ ಕಡೆಯ ಸಸ್ಯಾಹಾರಿಗಳಿಗೆ ಊಟದ್ದೇ ತಲೆನೋವು. ಬರೀ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ, ಇಲ್ಲವೇ ಸಿಂಪಿಯ ಸಾಸ್. 'ಕಿನ್ ಜೇ' ಎನ್ನಿ, ಅಂದರೆ ಶುದ್ಧ ಸಸ್ಯಾಹಾರ ತಿನ್ನುವವರು ಅಂತ. ಮೊಟ್ಟೆ, ಹಾಲು, ಬೆಳ್ಳುಳ್ಳಿಯೂ ಇರುವುದಿಲ್ಲ. ಅಂಥ ಅಂಗಡಿಗೆ ಹಳದಿ ಬಾವುಟ, ಅದರ ಮೇಲೆ ಕೆಂಪು ಅಕ್ಷರ. ಸೋಮ್ ತಾಮ್ ಎಂಬ ಪರಂಗಿಕಾಯಿ ಕೋಸಂಬರಿಗೆ ಒಣ ಸೀಗಡಿ ಹಾಕಿ ಕುಟ್ಟುತ್ತಾರೆ. ಬೇಡವೆಂದರೂ ಒರಳು ಅದೇ, ವಾಸನೆ ಉಳಿದಿರುತ್ತದೆ. ಮಾವಿನಹಣ್ಣು, ತೆಂಗಿನ ಹಾಲಿನ ಅಂಟು ಅನ್ನ ಮಾತ್ರ ನಿಶ್ಚಿಂತೆಯಿಂದ ತಿನ್ನಿ, ಏಪ್ರಿಲ್‌ನಲ್ಲಂತೂ ಬಿಡಲೇಬೇಡಿ. ರೊಟ್ಟಿ, ದಾಲ್ ನೆನಪಾದರೆ ಎಂಆರ್‌ಟಿಯ ಸಾಮ್ ಯೋಟ್ ನಿಲ್ದಾಣದಲ್ಲಿ ಇಳಿದು ಭಾರತೀಯರ ಪೇಟೆ ಪಾಹುರತ್ ಕಡೆ ನಡೆಯಿರಿ. ಬೆಣ್ಣೆದೋಸೆಯ ಆಸೆ ಅಲ್ಲಿ ಬೇಡ. ಚಟ್ನಿಪುಡಿ ಪೊಟ್ಟಣ ಚೆಕ್-ಇನ್ ಬ್ಯಾಗಿನಲ್ಲಿರಲಿ.